ಅಂಗೈಯ ತೂಕ

೨ ಫೆಬ್ರವರಿ ೨೦೨೫, ಭಾನುವಾರ

ಶಿರಾದ ಮದುವೆ ಮುಗಿಸಿಕೊಂಡು ಸಂಜೆ ಐದಕ್ಕೆ ಮಧುಗಿರಿ ಸೇರಿದೆವು. ಶಂಕರಲಿಂಗಪ್ಪನವರು ಮಗಳ ಮದುವೆಯನ್ನು ಭರ್ಜರಿಯಾಗಿಯೇ ಮಾಡಿದ್ದಾರೆ. ಎಲೆಯ ಮೇಲೆ ಹದಿನೆಂಟು ಬಗೆ ಇತ್ತು. ಉಪ್ಪು ಮಾತ್ರ ಒಂದರಲ್ಲೂ ಸರಿಯಿರಲಿಲ್ಲ.

ಬೆಳಿಗ್ಗೆ ತಿಂಡಿಗೆ ಮೊದಲು ಹೆಂಗಸರೆಲ್ಲ ಛತ್ರದ ಮಹಡಿಯಲ್ಲಿ ಲಿಂಗಪೂಜೆಗೆ ಕೂತೆವು. ನಾನು ಹತ್ತಿ ಹೋಗುವಷ್ಟರಲ್ಲಿ ಒಂದೇ ಜಾಗ ಉಳಿದಿತ್ತು. ಎಡಗಡೆ ಕೊರಟಗೆರೆಯ ಸರ್ವಮಂಗಳಮ್ಮ, ನನ್ನ ಜೊತೆ ಟಿ.ಸಿ.ಎಚ್. ಓದಿದವಳು. ಬಲಗಡೆ ಪಾವಗಡದಿಂದ ಬಂದಿದ್ದ ಬಸವಮ್ಮ. ನನ್ನ ಓರಗಿತ್ತಿ, ಮೈದುನ ಗೌರೀಶನ ಹೆಂಡತಿ. ಹನ್ನೊಂದು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಮೂವರ ಮುಂದೆ ಒಂದೇ ತಟ್ಟೆ, ಒಂದೇ ತಂಬಿಗೆ. ಬಸವಮ್ಮ ವಿಭೂತಿ ಗಟ್ಟಿಯನ್ನು ನನ್ನ ಕಡೆ ಸರಿಸಿದಳು. ನಾನು ಚೀಲದಿಂದ ನನ್ನದೇ ತೆಗೆದುಕೊಂಡೆ. ಪೂಜೆ ಇನ್ನೂ ಮುಗಿದಿರಲಿಲ್ಲ, ಕೆಳಗಿನಿಂದ ಯಾರೋ "ಗಂಡಿನೋರು ಬಂದ್ಬುಟ್ರು ಕಣ್ರೇ!" ಎಂದು ಕೂಗಿದರು. ಎಲ್ಲರೂ ದಡಬಡ ಎದ್ದರು. ಶಿವನಿಗಿಂತ ಬೀಗರು ದೊಡ್ಡವರಾದರು, ಏನು ಹೇಳೋಣ.

ಸೊಸೆ ಮಂಜುಶ್ರೀ ಐದೇ ನಿಮಿಷಕ್ಕೆ ಪೂಜೆ ಮುಗಿಸಿ ಫೋಟೋಕ್ಕೆ ನಿಂತಿದ್ದಳು. ಪೂಜೆಯಲ್ಲಿ ಅವಸರ ಕೂಡದು ಎಂದು ದಾರಿಯಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ "ಹೂಂ ಅತ್ತೆ" ಎಂದಳು. ಗೋಡೆಗೆ ಹೇಳಿದ್ದರೂ ಒಂದೇ.

೩ ಫೆಬ್ರವರಿ, ಸೋಮವಾರ

ಇದನ್ನು ಹೇಗೆ ಬರೆಯಲಿ!

ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತೆ. ಕೊರಳಿನ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡೆ. ತೂಕ ಸಾಲಲಿಲ್ಲ. ಇನ್ನೊಮ್ಮೆ ನೋಡಿದೆ. ಮೇಲೆ ಮೆತ್ತಿದ ಕಪ್ಪು ಕಂತಿಯ ಲೇಪ ಎಲ್ಲ ಲಿಂಗಕ್ಕೂ ಒಂದೇ ಥರ ಇರುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಎಂಟನೇ ವಯಸ್ಸಿಗೆ ದೀಕ್ಷೆಯಾಗಿ ಕೈಗೆ ಬಂದದ್ದು ನನ್ನ ಲಿಂಗ. ಐವತ್ತೈದು ವರ್ಷ ದಿನ ಬಿಡದೆ ಹಿಡಿದ ಅಂಗೈಗೆ ಮೋಸ ಮಾಡಲಾಗುತ್ತದೆಯೇ? ಇದು ನನ್ನದಲ್ಲ.

ನಿನ್ನೆ ಆ ಗದ್ದಲದಲ್ಲಿ ಒರೆಸುವ ವಸ್ತ್ರ ಹುಡುಕುತ್ತ ಲಿಂಗವನ್ನು ತಟ್ಟೆಯಲ್ಲಿ ಇಟ್ಟೆ. ಇಟ್ಟಿದ್ದು ನಿಜ. ನಾನು! ಅಕ್ಕನ ಬಳಗದಲ್ಲಿ ಇಪ್ಪತ್ತು ವರ್ಷದಿಂದ "ಲಿಂಗ ಅಂಗೈ ಬಿಟ್ಟು ಕೆಳಗಿಳಿಯಬಾರದು" ಎಂದು ಊರ ಹೆಂಗಸರಿಗೆಲ್ಲ ಪಾಠ ಹೇಳುವವಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಪಕ್ಕದವರೂ ಅದೇ ತಟ್ಟೆಯಲ್ಲಿ ಇಟ್ಟಿದ್ದರು. ಅವಸರದಲ್ಲಿ ಅವರದ್ದನ್ನು ನಾನು, ನನ್ನದನ್ನು ಅವರು ಎತ್ತಿಕೊಂಡಿದ್ದೇವೆ.

ಸರ್ವಮಂಗಳಮ್ಮನದೇ ಇರಬೇಕು. ಶಿವನೇ, ಅವಳದೇ ಆಗಿರಲಿ.

ತನ್ನ ಲಿಂಗಕ್ಕೆ ಪೂಜೆಯಾಗದೆ ಅನ್ನ ಮುಟ್ಟುವಂತಿಲ್ಲ. ಕೈಗೆ ಬಂದದ್ದು ಇನ್ನೊಬ್ಬರ ಪ್ರಾಣ, ಅದಕ್ಕೆ ನೀರೆರೆದು ವಿಭೂತಿ ಹಚ್ಚಿ ಪತ್ರೆ ಇಟ್ಟೆ. ನನ್ನ ಪೂಜೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಲು, ಹಣ್ಣಿನಲ್ಲಿ ಇರುತ್ತೇನೆ. ಇಪ್ಪತ್ತಾರಕ್ಕೆ ಶಿವರಾತ್ರಿ, ಬಳಗದ ಸಾಮೂಹಿಕ ಪೂಜೆ ನಡೆಸುವವಳು ನಾನು. ಅಷ್ಟರೊಳಗೆ ನನ್ನದು ನನ್ನ ಕೈ ಸೇರಬೇಕು. ಯಾರಿಗೂ ಗೊತ್ತಾಗಬಾರದು.

೫ ಫೆಬ್ರವರಿ, ಬುಧವಾರ

ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತೇನೆ, ಮುದ್ದೆಯನ್ನು ಪಕ್ಕದ ಮನೆ ಹಸುವಿಗೆ ಹಾಕಿ ಬರುತ್ತೇನೆ. ಹಸು ಈಗ ನಮ್ಮ ಕಾಂಪೌಂಡು ಬಿಟ್ಟು ಕದಲುತ್ತಿಲ್ಲ. "ಏನತ್ತೆ, ಇದಕ್ಕೆ ನಮ್ಮನೆ ಮೇಲೆ ಇಷ್ಟು ಪ್ರೀತಿ ಬಂದುಬಿಟ್ಟಿದೆ?" ಎಂದಳು ಮಂಜುಶ್ರೀ. "ಹಸುವನ್ನೇ ಕೇಳು" ಎಂದೆ.

ಅವರೆಕಾಳಿನ ಸಾರು ಮಾಡಿದ್ದಳು. ಸೊಗಡವರೆ, ಮನೆಯೆಲ್ಲ ಘಮಘಮ. ಶತ್ರುವಿಗೂ ಬೇಡ ಈ ಕಷ್ಟ.

೭ ಫೆಬ್ರವರಿ, ಶುಕ್ರವಾರ

ಕೊರಟಗೆರೆಗೆ ಹೋಗಿ ಬಂದೆ. ಮಗ ಪ್ರಭುದೇವ ಮೆಡಿಕಲ್ ಸ್ಟೋರಿನಲ್ಲಿ ಕೂತ, ಮಂಜುಶ್ರೀ ಸ್ಕೂಟರಿನಲ್ಲಿ ಕರೆದೊಯ್ದಳು. ಸರ್ವಮಂಗಳಮ್ಮನಿಗೆ ಮಂಡಿನೋವು, ನೋಡಬೇಕು ಎಂದು ಸುಳ್ಳು ಹೇಳಿದ್ದೆ. ಹೋಗಿ ನೋಡಿದರೆ ಅವಳು ಸ್ಟೂಲ್ ಹತ್ತಿ ಫ್ಯಾನ್ ಒರೆಸುತ್ತಿದ್ದಾಳೆ! ಮಂಜುಶ್ರೀ ನನ್ನ ಮುಖ ನೋಡಿದಳು. "ನಾನು ಪೇಟೆಯಲ್ಲಿ ತರಕಾರಿ ನೋಡ್ಕೊಂಡು ಬರ್ತೀನಿ" ಎಂದು ಹೊರಟಳು.

ಬಾಗಿಲು ಹಾಕಿಕೊಂಡು ವಿಷಯ ಹೇಳಿದೆ. ಸರ್ವಮಂಗಳಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ ನಿನ್ ಮನೆ ಕಾಯ್ವಾಗ! ನಂದು ನನ್ ಹತ್ರಾನೇ ಐತೆ ಕಣೇ. ನಂಗೆ ತಟ್ಟೇಲಿ ಇಡೋ ಅಭ್ಯಾಸ ಇಲ್ಲ." ಆ ಕೊನೆಯ ಮಾತು ಬೇಕಿತ್ತೇ ಅವಳಿಗೆ? ಆಮೇಲೆ ನಗು ನಿಲ್ಲಿಸಿ, "ಅಂಗಾರೆ ಬಸವಮ್ಮಂದೇ. ಹೋಗು, ಇಸ್ಕಂಬಾ" ಎಂದಳು.

ಇಸ್ಕಂಬಾ ಅಂತೆ. ಅಷ್ಟು ಸುಲಭವಾಗಿದ್ದರೆ ಆಗುತ್ತಿತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮತ್ತೆ ಹಾಸಿಗೆ ಹಿಡಿದು, ಯಾರು ಎತ್ತ ಎಂಬ ನೆನಪೂ ಹೋಗಿದ್ದ ಕಾಲ. ನಾನು ಪಾಠ ಮುಗಿಸಿ ಶಾಲೆಯಿಂದ ಬಂದಾಗ ಬಸವಮ್ಮ ಅವರಿಗೆ ಮುದ್ದೆ ಉಣ್ಣಿಸುತ್ತಿದ್ದಳು. "ಪೂಜೆ ಆಯ್ತೇನೇ?" ಎಂದೆ. "ಹಸಿವು ಹಸಿವು ಅಂತ ಅಳ್ತಿದ್ರು ಅಕ್ಕಾ" ಎಂದಳು. ಎಪ್ಪತ್ತು ವರ್ಷ ಒಂದು ದಿನ ತಪ್ಪದ ಮುದುಕಿಯ ವ್ರತ ಕೊನೆಗಾಲದಲ್ಲಿ ಕೆಡಿಸಿಬಿಟ್ಟೆಯಲ್ಲೇ ಎಂದು ಕೂಗಾಡಿದೆ. ನೆಂಟರೆಲ್ಲ ಇದ್ದರು. ಮೂರನೇ ದಿನಕ್ಕೆ ಅತ್ತೆ ಲಿಂಗೈಕ್ಯರಾದರು. ಬಸವಮ್ಮ ಗಂಡನನ್ನು ಕರೆದುಕೊಂಡು ಪಾವಗಡಕ್ಕೆ ಹೋದಳು, ಮತ್ತೆ ಈ ಮನೆಯೊಳಗೆ ಕಾಲಿಡಲಿಲ್ಲ. ನಮ್ಮ ಯಜಮಾನರು ತೀರಿಕೊಂಡಾಗಲೂ ಬಂದು ಅಂಗಳದಲ್ಲಿ ನಿಂತು ಹೋದಳು.

ಅವಳ ಲಿಂಗವನ್ನು ಐದು ದಿನದಿಂದ ನಾನು ಎದೆಯ ಮೇಲೆ ಕಟ್ಟಿಕೊಂಡು ತಿರುಗುತ್ತಿದ್ದೇನೆ. ಅವಳಿಗೂ ಗೊತ್ತಾಗಿರಲೇಬೇಕು. ಆದರೂ ಒಂದು ಫೋನಿಲ್ಲ. ಸೇಡು, ಇನ್ನೇನು?

೯ ಫೆಬ್ರವರಿ, ಭಾನುವಾರ

ಮಠದ ನಂದೀಶ್ವರಯ್ಯನವರಿಗೆ ಫೋನ್ ಮಾಡಿದೆ. ನಮ್ಮ ಮನೆತನಕ್ಕೆ ದೀಕ್ಷೆ ಕೊಡುವವರು. "ಬಳಗದಲ್ಲಿ ಒಬ್ಬರಿಗೆ ಹೀಗಾಗಿದೆ ಸ್ವಾಮಿ, ಪಾಪ ಒದ್ದಾಡುತ್ತಿದ್ದಾರೆ" ಎಂದೆ.

"ಅವ್ರಿಗೆ ಬೇಕಾದ್ರೆ ಹೊಸ ಲಿಂಗ ಕೊಡೋಣ, ಅದೇನು ದೊಡ್ಡದಲ್ಲ" ಎಂದರು. ನನಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ, "ಆದ್ರೆ ಕೈಗೆ ಬಂದಿರೋದು ಇನ್ನೊಂದು ತಾಯಿದು ಅಲ್ವಾ? ಅದು ಅವರಿಗೆ ಮುಟ್ಬೇಕು. ಆ ತಾಯಿನೂ ಉಣ್ಣದೆ ಕೂತಿರ್ಬೋದು, ಪಾಪ" ಎಂದರು. ಕೊನೆಗೆ, "ನಿಮ್ಮ ಬಳಗದವ್ರಿಗೆ ಸಕ್ಕರೆ ಕಾಯಿಲೆ ಇದ್ರೆ ಉಪವಾಸ ಬೇಡ ಅಂತ ಹೇಳಿ, ನಾಗರತ್ನಮ್ಮನವ್ರೇ" ಎಂದು ಇಟ್ಟುಬಿಟ್ಟರು.

ಆ ತಾಯಿನೂ ಉಣ್ಣದೆ ಕೂತಿರಬಹುದು. ಇದು ನನಗೆ ಹೊಳೆದೇ ಇರಲಿಲ್ಲ. ಅವಳ ವಿಷಯ ನನಗೇಕೆ? ಉಣ್ಣಲಿ, ಬಿಡಲಿ.

ಮೊದಲೇ ಸಣಕಲಿ ಅವಳು.

೧೨ ಫೆಬ್ರವರಿ, ಬುಧವಾರ

ಫೋನ್ ಇಲ್ಲ. ನಾನೂ ಮಾಡಲಿಲ್ಲ. ನಂಬರು ಎರಡು ಸಲ ಒತ್ತಿ ಅಳಿಸಿದೆ.

ಅವಳ ಲಿಂಗ ಹಗುರ. ಆದರೂ ಪೂಜೆಗೆ ಕೂತಾಗ ಕೈ ನೋಯುತ್ತದೆ.

೧೫ ಫೆಬ್ರವರಿ, ಶನಿವಾರ

ಬಿದ್ದೆ. ದೇವರ ಮನೆಯ ಹೊಸ್ತಿಲ ಹತ್ತಿರ ಕಣ್ಣು ಕತ್ತಲೆ ಬಂದಿದ್ದಷ್ಟೇ ನೆನಪು. ಎಚ್ಚರವಾದಾಗ ಮಂಜುಶ್ರೀ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು ಚಮಚದಲ್ಲಿ ಸಕ್ಕರೆ ನೀರು ಬಿಡುತ್ತಿದ್ದಳು. ಬೆರಳಿಗೆ ಚುಚ್ಚಿ ನೋಡಿದ್ದಾಳೆ, ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತಂತೆ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದೆನಲ್ಲ.

"ಪೂಜೆ ಆಗಿಲ್ಲ, ಬೇಡ" ಎಂದೆ.

"ಬಾಯಿ ತೆಗೀರಿ ಅತ್ತೆ."

"ಮಂಜು, ಬೇಡ ಅಂದೆನಲ್ಲ!"

"ಬೈಯೋದಿದ್ರೆ ಆಮೇಲೆ ಬೈಯಿರಿ. ಈಗ ಬಾಯಿ ತೆಗೀರಿ." ಅವಳ ಕಣ್ಣಲ್ಲಿ ನೀರು. ನನಗೆ ಬಾಯಿ ತೆರೆಯದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಗಂಜಿ ಮಾಡಿ ತಂದಳು. ಅದನ್ನೂ ಕುಡಿದೆ. ಹನ್ನೆರಡು ದಿನದ ಮೇಲೆ ನಾಲಿಗೆಗೆ ಉಪ್ಪು ತಾಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ರುಚಿಯಾದ ಗಂಜಿ ನಾನು ಕುಡಿದಿಲ್ಲ.

ಬೈಯಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು, "ಹಸು ವಿಷಯ ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು. ಯಾವುದೋ ವ್ರತ ಇರ್ಬೇಕು, ಕೇಳಿದ್ರೆ ರೇಗ್ತೀರ ಅಂತ ಸುಮ್ನಿದ್ದೆ. ನಿಮ್ಮ ಹಾಲಿಗೆ ದಿನಾ ರಾಗಿ ಹುರಿಹಿಟ್ಟು ಸೋಸಿ ಹಾಕ್ತಿದ್ದೆ" ಎಂದಳು.

ಕಳ್ಳಿ! ಅದಕ್ಕೇ ಹಾಲು ಅಷ್ಟು ಗಟ್ಟಿಯಿತ್ತು.

ಸಂಜೆ ಪ್ರಭು ಬಂದು, "ಇಷ್ಟಕ್ಕೆಲ್ಲ ಯಾಕಮ್ಮ? ನಾಳೆ ಬೈಕಲ್ಲಿ ಪಾವಗಡಕ್ಕೆ ಹೋಗಿ ಬದಲಾಯಿಸ್ಕೊಂಡು ಬರ್ತೀನಿ. ಅರ್ಧ ದಿನದ ಕೆಲಸ" ಎಂದ. ಹೂಂ ಎನ್ನಲು ಬಾಯಿ ತೆರೆದಿದ್ದೆ. ಯಾಕೋ "ಬೇಡ" ಎಂದು ಬಂತು. ಲಿಂಗವೇನು ಕೊರಿಯರ್ ಪಾರ್ಸೆಲ್ಲೇ?

೧೬ ಫೆಬ್ರವರಿ, ಭಾನುವಾರ

ಬೆಳಗಿನಿಂದ ಒಂದೇ ಯೋಚನೆ. ನಿನ್ನೆ ಮಂಜು ಪೂಜೆಯಾಗದ ಬಾಯಿಗೆ ಸಕ್ಕರೆ ನೀರು ಬಿಟ್ಟಳು. ಅವಳು ತಪ್ಪು ಮಾಡಿದಳು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ನಾನು ಸಾಯಲಿ ಎಂದು ನೋಡುತ್ತ ಕೂರಬೇಕಿತ್ತೇ?

ಹಾಗಾದರೆ ಅವತ್ತು ಬಸವಮ್ಮ?

ನಮ್ಮತ್ತೆ "ಹಸಿವು" ಎಂದು ಅಳುತ್ತಿದ್ದರಂತೆ. ಎಂಬತ್ತೊಂದರ ಮುದುಕಿ, ಮಗುವಿನ ಹಾಗೆ. ಕೇಳಿದವಳು ಅವಳು. ನಾನು ಶಾಲೆಯಲ್ಲಿದ್ದೆ. ಅತ್ತೆಯ ಬಟ್ಟೆ ಒಗೆದವಳು, ಬೆನ್ನು ಹುಣ್ಣಿಗೆ ಮುಲಾಮು ಹಚ್ಚಿದವಳು, ಆರು ತಿಂಗಳು ಪಕ್ಕದಲ್ಲೇ ಮಲಗಿದವಳು ಅವಳು. ನಾನು ಬಂದು ಆಚಾರ ಹೇಳಿದೆ.

ಇವತ್ತು ಅವಳ ಲಿಂಗಕ್ಕೆ ಪೂಜೆ ಮಾಡುವಾಗ ಮಂತ್ರ ಅರ್ಧಕ್ಕೇ ನಿಂತುಹೋಯಿತು. ಮಂಜು ಮೂರು ಹೊತ್ತೂ ಕಾವಲು ಕೂತು ಊಟ ಮಾಡಿಸುತ್ತಿದ್ದಾಳೆ. ಮಾತ್ರೆಯಂತೆ ನುಂಗುತ್ತೇನೆ.

೧೯ ಫೆಬ್ರವರಿ, ಬುಧವಾರ

ಪಾವಗಡಕ್ಕೆ ಹೋಗಿ ಬಂದೆವು. ನಾನು, ಮಂಜು. ಒಂಬತ್ತೂವರೆಯ ಬಸ್ಸು. ಮಿಡಿಗೇಶಿ ದಾಟುವವರೆಗೂ ಏನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. "ಅತ್ತೆ, ತುಟಿ ಅಲ್ಲಾಡ್ತಿದೆ" ಎಂದಳು ಮಂಜು. ಆಮೇಲೆ ಸುಮ್ಮನೆ ಬೆಟ್ಟ ನೋಡುತ್ತ ಕೂತೆ.

ಬೀದಿ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಂದಿಲ್ಲವಲ್ಲ. ಜಗುಲಿಯ ಮೇಲೆ ಕೂತಿದ್ದ ಒಬ್ಬಾಕೆ "ಎವರು ಕಾವಾಲಮ್ಮಾ?" ಎಂದು ತೆಲುಗಿನಲ್ಲಿ, ಯಾರು ಬೇಕೆಂದು ಕೇಳಿದಳು. "ಬಸವಮ್ಮ" ಎಂದೆ. ಹೆಸರು ಬಾಯಿಂದ ಬರಲು ಕಷ್ಟವಾಯಿತು. ಆಕೆ ಅಲ್ಲಿಂದಲೇ, "ಬಸವಕ್ಕಾ, ನಿಮ್ಮೋರು ವಚ್ಚಾರು!" ಎಂದು ಕೂಗಿದಳು. ಬಂದ ನಾವು ಅವಳವರು ಎಂದು ಆಕೆಗೆ ಹೇಗೆ ಗೊತ್ತಾಯಿತೋ ಕಾಣೆ.

ಬಸವಮ್ಮ ಬಾಗಿಲಿಗೆ ಬಂದಳು. ಕೈಯೆಲ್ಲ ರಾಗಿ ಹಿಟ್ಟು. "ಬಿಸ್ಲಲ್ಲಿ ಬಂದ್ಬುಟ್ರಲ್ಲಕ್ಕಾ" ಎಂದು ಒಳಗೆ ಹೋಗಿ ನೀರು ತಂದು ನನ್ನ ಕಾಲಿಗೆ ತಾನೇ ಹಾಕಿದಳು. ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಆ ನೀರಿನ ಜೊತೆ ಹೋಯಿತು.

ಕೂರುವಷ್ಟರಲ್ಲಿ ತಟ್ಟೆ ಬಂತು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಹುಚ್ಚೆಳ್ಳು ಚಟ್ನಿ. ಆ ಚಟ್ನಿ ನಮ್ಮತ್ತೆಯ ಕೈದು, ಸೊಸೆಯರಲ್ಲಿ ಅವಳಿಗೆ ಮಾತ್ರ ಒಲಿದದ್ದು. ಕೊರಳಲ್ಲಿದ್ದ ಲಿಂಗಕ್ಕೆ ತೋರಿಸಿ ತುತ್ತು ಮುರಿದೆ. ಎರಡನೇ ಮುದ್ದೆ ಇಕ್ಕಿದಳು, ಬೇಡ ಎನ್ನಲಿಲ್ಲ.

ಕೈ ತೊಳೆದ ಮೇಲೆ ಕೇಳಿದೆ. "ನಿನಗೆ ಯಾವಾಗ ಗೊತ್ತಾಯ್ತೇ?"

"ಅವತ್ತೇ ಕಣಕ್ಕಾ. ಕರಡಿಗೆ ಮುಚ್ಚುವಾಗ್ಲೇ. ನಿಮ್ದು ತೂಕ ಜಾಸ್ತಿ. ತಿರುಗಿ ನೋಡಿದ್ರೆ ನೀವು ಮೆಟ್ಲು ಇಳೀತಿದ್ರಿ."

ನನಗೆ ಸಿಟ್ಟು ಬಂತು, ಬರದೇ ಇರುತ್ತದೆಯೇ? "ಹದಿನೇಳು ದಿನ! ಒಂದು ಫೋನ್ ಮಾಡಲು ನಿನ್ನ ಗಂಟೇನು ಹೋಗುತ್ತಿತ್ತು? ಅಲ್ಲಿ ನಾನು ಉಪವಾಸ ಬಿದ್ದು ಸಾಯುತ್ತಿದ್ದೆ!"

"ಅಯ್ಯೋ, ಉಪಾಸ ಮಾಡಿದ್ರಾ?" ಅವಳ ಮುಖ ಕಳೆಗುಂದಿತು. "ಅದು ನಂಗೆ ಹೊಳೀಲಿಲ್ಲ ನೋಡಿ, ತಪ್ಪಾಯ್ತು. ನಾನು ನಿಮ್ ಲಿಂಗಕ್ಕೆ ಪೂಜೆ ಮಾಡಿ ಉಣ್ಕಂಡಿದ್ದೆ. ಫೋನ್ ಮಾಡ್ಬೇಕು ಅಂತ ದಿನಾ ಅನ್ಕಳೋಳು. ಮಾಡಿದ್ರೆ ನೀವು ಪ್ರಭು ಕೈಲಿ ಕಳಿಸ್ಬುಡೋರು. ಲಿಂಗ ಬರೋದು. ನೀವು ಬರ್ತಿದ್ರಾ ಅಕ್ಕಾ?"

ನಾನು ಬರಲಿ ಎಂದು ಕಾದವಳು ಅವಳು, ಸೇಡು ಎಂದು ಬರೆದವಳು ನಾನು. ಅತ್ತೆಯ ವಿಷಯ ನಾನೇ ತೆಗೆದೆ. ಅವತ್ತು ನಾನು ಹಾಗೆ ಕೂಗಾಡಬಾರದಿತ್ತು, ಅವರು ಹಸಿದಿದ್ದರು, ನೀನು ಉಣ್ಣಿಸಿದ್ದು ಸರಿ, ಪೂಜೆ ಇಲ್ಲದಿದ್ದರೂ ಸರಿ ಎಂದೆ.

ಬಸವಮ್ಮ ನಿಧಾನವಾಗಿ ಹೇಳಿದಳು. "ಪೂಜೆ ಇಲ್ದೆ ಎಲ್ಲುಂಡ್ರಕ್ಕಾ ಅವ್ರು? ಮೊದಲ್ನೇ ತುತ್ತು ಅವರ ಕೈಗೇ ಕೊಟ್ಟೆ. ಅವ್ರು ಬಾಯಿಗೆ ಇಟ್ಕಳ್ಳಿಲ್ಲ. ತಡಕಾಡಿ ತಡಕಾಡಿ ಎದೆ ಮೇಲಿನ ಲಿಂಗಕ್ಕೆ ಮುಟ್ಟಿಸಿದ್ರು, ಕಣ್ಣು ಮುಚ್ಚಿ ಏನೋ ಅಂದ್ಕಂಡ್ರು, ಆಮೇಲೆ ಉಂಡ್ರು. ನನ್ ಹೆಸ್ರು ಮರ್ತಿದ್ರು, ಮಗನ ಹೆಸ್ರು ಮರ್ತಿದ್ರು. ಅದೊಂದು ಮರ್ತಿರ್ಲಿಲ್ಲ."

ಮಂಜು ನನ್ನ ಬೆನ್ನ ಮೇಲೆ ಕೈ ಇಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ವ್ರತ ಕೆಡಿಸಿದವಳು ಎಂದು ಹನ್ನೊಂದು ವರ್ಷ ಊರೆಲ್ಲ ಹೇಳಿಕೊಂಡು ಬಂದೆನಲ್ಲ, ವ್ರತ ಕೆಟ್ಟೇ ಇರಲಿಲ್ಲ.

"ಅವತ್ತೇ ಯಾಕೆ ಹೇಳಲಿಲ್ಲವೇ?" ಎಂದೆ.

"ನೀವು ಕೇಳ್ಲಿಲ್ವಲ್ಲಕ್ಕಾ" ಎಂದಳು. ಕೊಂಕಿರಲಿಲ್ಲ ಅವಳ ಮಾತಿನಲ್ಲಿ.

"ಈಗ ಕೇಳುತ್ತಿದ್ದೇನೆ. ಆ ಆರು ತಿಂಗಳಿನದೂ ಹೇಳು" ಎಂದೆ. ಹೇಳಿದಳು. ಅತ್ತೆ ಅವಳನ್ನು ತಮ್ಮ ತಾಯಿ ಎಂದುಕೊಂಡು ಜಡೆ ಹಾಕು ಎನ್ನುತ್ತಿದ್ದದ್ದು, ನನ್ನ ಬಳೆ ಸದ್ದಿಗೆ ಹೆದರಿ "ಟೀಚರು ಬಂದ್ರು" ಎಂದು ಹೊದಿಕೆ ಎಳೆದುಕೊಳ್ಳುತ್ತಿದ್ದದ್ದು. ಅತ್ತಿದ್ದೂ ಆಯಿತು, ನಕ್ಕಿದ್ದೂ ಆಯಿತು. ಗೌರೀಶ ತೋಟದಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟ, ಪಾಪ. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತದ್ದು ಅವನು ನೋಡಿ ಎಷ್ಟು ಕಾಲವಾಗಿತ್ತೋ.

ಐದರ ಬಸ್ಸಿಗೆ ಬಸ್‌ಸ್ಟ್ಯಾಂಡಿನವರೆಗೂ ಬಸವಮ್ಮ ಬಂದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ, ಮಂಜು ಹಿಂದಿನಿಂದ, "ಅತ್ತೇ, ಲಿಂಗ?" ಎಂದಳು.

ನನ್ನ ಕೈ ನನ್ನ ಕರಡಿಗೆಗೆ ಹೋಯಿತು, ಬಸವಮ್ಮನದು ಅವಳದಕ್ಕೆ. ಬಂದದ್ದೇ ಆ ಕೆಲಸಕ್ಕೆ! ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಂಡಕ್ಟರ್ ಬೇರೆ ಸೀಟಿ ಊದುತ್ತಿದ್ದಾನೆ. ಬಸ್‌ಸ್ಟ್ಯಾಂಡಿನಲ್ಲಿ ತೆಗೆಯುವ ವಸ್ತುವೇ ಅದು?

"ಶಿವರಾತ್ರಿಗೆ ನಾನೇ ಮಧುಗಿರಿಗೆ ಬತ್ತೀನಿ, ಆವಾಗ ಕೊಡ್ತೀನಿ" ಎಂದಳು. "ಅಲ್ಲೀ ಗಂಟ ನನ್ ಲಿಂಗಕ್ಕೆ ತೋರ್ಸಿ ಹೊಟ್ಟೆ ತುಂಬ ಉಣ್ಣಿ ಅಕ್ಕಾ. ನನ್ ಮೇಲಾಣೆ."

೨೦ ಫೆಬ್ರವರಿ, ಗುರುವಾರ

ಬೆಳಿಗ್ಗೆ ಬಸವಮ್ಮನ ಲಿಂಗಕ್ಕೆ ಪೂಜೆ ಮಾಡಿ ಮೂರು ದೋಸೆ ತಿಂದೆ.

ಮಧ್ಯಾಹ್ನ ಬಳಗದಲ್ಲಿ ಶಿವರಾತ್ರಿಯ ಮಾತು ಬಂತು. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ತಟ್ಟೆಯಲ್ಲಿ ಇಟ್ಟದ್ದು, ಬದಲಾದದ್ದು, ಹಸುವಿಗೆ ಹಾಕಿದ್ದು, ಬಿದ್ದದ್ದು, ಸಕ್ಕರೆ ನೀರು. ಈ ಸಲ ಪೂಜೆ ಬೇರೆಯವರು ನಡೆಸಲಿ ಎಂದು ಕೂತೆ. ಮುಗಿಯಿತು ನನ್ನ ಮರ್ಯಾದೆ ಎಂದುಕೊಂಡೆ.

ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ, "ಟೀಚರಮ್ಮ, ನಂದೂ ಹೋದ್ವರ್ಷ ಕ್ಯಾಮೇನಹಳ್ಳಿ ಬಸ್ಸಲ್ಲಿ ಕಳೆದೋಗಿತ್ತು. ನಿಮಗೆ ಹೆದ್ರಿ ಹೇಳಿರ್ಲಿಲ್ಲ" ಎಂದಳು. ಪಕ್ಕದವಳು "ನಂದೂ" ಎಂದಳು. ಆಮೇಲೆ ಇನ್ನಿಬ್ಬರು ಕೈ ಎತ್ತಿದರು, ಶಾಲೆಯ ಮಕ್ಕಳ ಹಾಗೆ. ಒಟ್ಟು ನಾಲ್ವರು! ಇಪ್ಪತ್ತು ವರ್ಷದಿಂದ ನನ್ನ ಎದುರು ಕೂತವರು.

ಪಾಪ, ಆ ದಿನಗಳಲ್ಲಿ ಇವರೆಲ್ಲ ಏನು ಉಂಡರೋ, ಯಾರು ಉಣ್ಣಿಸಿದರೋ. ಕೇಳಿದೆ. ಮೊದಲು ಅನುಮಾನಿಸಿದರು, ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.